ಮಕ್ಕಳು ಮತ್ತು ಕೃತಜ್ಞತಾ ಪತ್ರ

ಉಡುಗೊರೆ ಪಡೆದ ಮಗುವಿಗೆ ‘ಥ್ಯಾಂಕ್ಸ್ ಹೇಳು’ ಎಂದು ತಾಯಿತಂದೆಯರು ಸೂಚಿಸುವುದು ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಈಗ ಸಾಮಾನ್ಯ ಸಂಗತಿ. ಮಗುವೂ ಆ ಒಂದು ಶಬ್ದವನ್ನು ಉಚ್ಚರಿಸಿ ಆಟಕ್ಕೆ ಓಡುತ್ತದೆ. ಉಡುಗೊರೆ ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬಂದಿದ್ದರೆ, ಮನೆಯವರು ಮೊಬೈಲಿನಲ್ಲಿ ಕೈಮುಗಿದ ಚಿತ್ರವೊಂದನ್ನು ಕಳುಹಿಸಿ ಸುಮ್ಮನಾಗುತ್ತಾರೆ. ಇಷ್ಟಕ್ಕೇ ಕರ್ತವ್ಯ ಮುಗಿಯಿತೆ?

ಹಿಂದೆ ಮನಿಯಾರ್ಡರ್ ಕಳುಹಿಸಿದವರಿಗೆ, ಹಣ ಪಡೆದವರ ಸಹಿಯುಳ್ಳ ಸ್ವೀಕೃತಿ ಚೀಟಿ ಅಂಚೆಯಲ್ಲಿ ಮರಳಿ ಬರುತ್ತಿತ್ತು. 1880ರಲ್ಲಿ ಅಂಚೆ ಇಲಾಖೆ ಆರಂಭಿಸಿದ ಆ ಸೇವೆ ತನ್ನ ಹಳೆಯ ರೂಪದಲ್ಲಿ 2015ರವರೆಗೂ ನಡೆಯಿತು. ಹಣ ಮುಟ್ಟಿತೆಂಬುದಕ್ಕೆ ಆ ಚೀಟಿ ಸಾಕ್ಷಿ. ಆದರೆ ಅದರಿಂದ ಮಗಳ ಶಾಲೆಯ ಶುಲ್ಕ ಸಂದಿತೋ, ಹಬ್ಬಕ್ಕೆ ಸೀರೆ ಬಂದಿತೋ ಎಂದು ತಿಳಿಯಲು ಪತ್ರವನ್ನೇ ಕಾಯಬೇಕಾಗಿತ್ತು. ಮಗುವಿನ ‘ಥ್ಯಾಂಕ್ಸ್’ ಸ್ವೀಕೃತಿ ಚೀಟಿಗೆ ಸಮ. ಕಳುಹಿಸಿದವರ ಮನಸ್ಸು ಕಾಯುವುದು ಪತ್ರಕ್ಕಾಗಿ.

ಶಬ್ದದಲ್ಲೇ ಇರುವ ಸೂತ್ರ

‘ಕೃತ’ ಎಂದರೆ ಮಾಡಿದ್ದು. ‘ಜ್ಞ’ ಎಂದರೆ ಬಲ್ಲವನು. ತನಗಾಗಿ ಇತರರು ಮಾಡಿದ್ದನ್ನು ಅರಿತಿರುವುದೇ ಕೃತಜ್ಞತೆ. ‘ನಮ್ಮವರಿಗೆಂತಹ ಧನ್ಯವಾದ? ಅದು ಪರಕೀಯರಿಗೆ ಹೇಳುವ ಉಪಚಾರದ ಮಾತು’ ಎಂದು ಅನೇಕ ಹಿರಿಯರು ಆಕ್ಷೇಪಿಸುವುದುಂಟು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ನಮ್ಮ ಹಳೆಯ ಪತ್ರಗಳು ‘ತೀರ್ಥರೂಪು’, ‘ಸಾಷ್ಟಾಂಗ ನಮಸ್ಕಾರಗಳು’, ‘ಉಭಯ ಕುಶಲೋಪರಿ’ ಎಂದು ಆರಂಭವಾಗಿ, ಕಳುಹಿಸಿದ ವಸ್ತು ತಲುಪಿ ಏನಾಯಿತೆಂಬುದನ್ನು ವಿವರವಾಗಿ ತಿಳಿಸುತ್ತಿದ್ದವು. ಧನ್ಯವಾದವೆಂಬ ಶಬ್ದವಿಲ್ಲದೆಯೇ ಉಪಕಾರಸ್ಮರಣೆ ಅಲ್ಲಿ ಸಲ್ಲುತ್ತಿತ್ತು. ಮಕ್ಕಳಿಗೆ ಕಲಿಸಬೇಕಾದುದು ಆ ಕ್ರಮವನ್ನೇ.

ಸಂಶೋಧಕರು ಹೇಳುವುದೇನು?

ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕಾಲೇಜು ವಿದ್ಯಾರ್ಥಿಗಳು 10 ವಾರಗಳ ಕಾಲ ವಾರಕ್ಕೊಮ್ಮೆ ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆದಿಟ್ಟರು. ಕಿರಿಕಿರಿಗಳನ್ನು ಬರೆದಿಟ್ಟ ಇನ್ನೊಂದು ಗುಂಪಿಗಿಂತ ಇವರಲ್ಲಿ ಬದುಕಿನ ಬಗೆಗೆ ಸಮಾಧಾನ ಹೆಚ್ಚಾಗಿಯೂ ದೈಹಿಕ ತೊಂದರೆಗಳ ದೂರು ಕಡಿಮೆಯಾಗಿಯೂ ಕಂಡುಬಂದಿತು. 2018ರಲ್ಲಿ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಕೃತಜ್ಞತಾ ಪತ್ರಗಳನ್ನೇ ಪರೀಕ್ಷಿಸಿದರು. ಬರೆಯುವವರು ತಮ್ಮ ಶಬ್ದಗಳು ಸರಿಯಾಗಿವೆಯೋ ಎಂದು ಚಿಂತಿಸುತ್ತಾರೆ. ಪಡೆಯುವವರು ಅದರಲ್ಲಿರುವ ಅಕ್ಕರೆಯನ್ನು ನೋಡುತ್ತಾರೆ. ಓದಿದವರಿಗಾದ ಆನಂದ ಬರೆದವರ ಊಹೆಗಿಂತ ಹೆಚ್ಚಾಗಿತ್ತು. ಇವು ವಯಸ್ಕರ ಮೇಲೆ ನಡೆದ ಅಧ್ಯಯನಗಳಾದರೂ ಮಕ್ಕಳ ಕಾಗುಣಿತದ ತಪ್ಪಿಗೆ ಗದರುವ ಪಾಲಕರು ಗಮನಿಸತಕ್ಕವು.

ವಯಸ್ಸಿಗೆ ತಕ್ಕ ಕ್ರಮ

ಮೂರು ನಾಲ್ಕು ವರ್ಷದ ಮಗುವಿನ ಬೆರಳುಗಳ ಸಣ್ಣ ಸ್ನಾಯುಗಳು ಬರವಣಿಗೆಗೆ ಇನ್ನೂ ಸಿದ್ಧವಾಗಿರುವುದಿಲ್ಲ. ಮಗು ಚಿತ್ರ ಬರೆಯಲಿ, ಬಾಯಿಂದ ಹೇಳಲಿ. ಅದು ಹೇಳಿದಂತೆಯೇ ತಾಯಿ ಬರೆದುಕೊಳ್ಳಲಿ. ಐದಾರು ವರ್ಷದ ಮಗುವಿಗೆ ಒಂದು ವಾಕ್ಯ ಮತ್ತು ತನ್ನ ಹೆಸರು ಸಾಕು. ಏಳೆಂಟು ವರ್ಷದವರು ನಾಲ್ಕು ವಾಕ್ಯ ಬರೆಯಬಲ್ಲರು. ಬರೆಯುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಬೇಕು: ಬಂದದ್ದು ಏನು? ಅದಕ್ಕಾಗಿ ಅವರು ಏನು ಮಾಡಿರಬೇಕು? ಅದರಿಂದ ನೀನು ಏನು ಮಾಡಿದೆ? ಅಜ್ಜಿಯೊಬ್ಬರು ಹಳೆಯ ಸೀರೆಗಳಿಂದ ಕೌದಿ ಹೊಲಿದು ಕಳುಹಿಸಿದರೆಂದು ಭಾವಿಸಿದರೆ, ಉತ್ತರಗಳು ಸೇರಿ ಪತ್ರ ಹೀಗಾಗಬಹುದು:

“ಪೂಜ್ಯ ಅಜ್ಜಿಗೆ ನಮಸ್ಕಾರಗಳು. ಕೌದಿ ಬಂತು. ಎಷ್ಟು ಹೊಲಿಗೆ ಇವೆ ಎಂದು ಎಣಿಸಲು ಹೋಗಿ ಮರೆತುಬಿಟ್ಟೆ. ಅಮ್ಮನ ಹಸಿರು ಸೀರೆಯ ತುಂಡು ನನ್ನ ಕೆನ್ನೆಗೆ ಬರುವ ಹಾಗೆ ಹೊದ್ದು ಮಲಗುತ್ತೇನೆ. ತಮ್ಮ ಎಳೆಯುತ್ತಾನೆ.”

ಇದರಲ್ಲಿ ಧನ್ಯವಾದವೆಂಬ ಪದವಿಲ್ಲ. ಆದರೂ ಅಜ್ಜಿ ಈ ಪತ್ರವನ್ನು ದಿಂಬಿನ ಕೆಳಗಿಟ್ಟುಕೊಂಡಾರು.

ಲಿಪಿಯ ಚಿಂತೆ

‘ಮಗುವಿಗೆ ಕನ್ನಡ ಬರೆಯಲು ಬಾರದು’ ಎಂಬುದು ಈ ನಗರದ ಪಾಲಕರ ಮುಖ್ಯ ಅಡಚಣೆ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಇಲ್ಲಿಯ ಅನೇಕ ಕುಟುಂಬಗಳ ಹಿರಿಯರು ಇಂದಿಗೂ ಆ ಊರುಗಳಲ್ಲಿದ್ದಾರೆ. ಕನ್ನಡವನ್ನು ಮಾತ್ರ ಓದಬಲ್ಲ ಅಜ್ಜಿಗೆ ಇಂಗ್ಲಿಷ್ ಕಾರ್ಡು ಬಂದರೆ, ಅದನ್ನು ಓದಿಸಲು ಆಕೆ ನೆರೆಮನೆಗೆ ಹೋಗಬೇಕಾಗುತ್ತದೆ. ಮೊಮ್ಮಗುವಿನ ಮಾತನ್ನು ಪರರ ಬಾಯಿಂದ ಕೇಳುವ ಸ್ಥಿತಿ ಅದು.

ಈ ಅಡಚಣೆಗೆ ಹೈದರಾಬಾದಿನಲ್ಲಿಯೇ ಸುಲಭ ಪರಿಹಾರವೂ ಇದೆ. 2018ರ ಕಾನೂನಿನಂತೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ ವಿಷಯ. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವು. ಗ, ದ, ಮ, ಯ ಮೊದಲಾದವುಗಳಲ್ಲಿ ತಲಕಟ್ಟಿನ ವ್ಯತ್ಯಾಸವೇ ಪ್ರಧಾನ. ಕ, ತ, ಶ ಮುಂತಾದ ಕೆಲವನ್ನು ಹೊಸದಾಗಿ ತಿದ್ದಿಸಬೇಕು. ಕೀ, ಕೇಗಳಲ್ಲಿ ತೆಲುಗಿನ ದೀರ್ಘ ಅಕ್ಷರದ ತಲೆಯ ಮೇಲಿದ್ದರೆ, ಕನ್ನಡದ ದೀರ್ಘ ಬಲಕ್ಕೆ ನಿಲ್ಲುತ್ತದೆ. ತೆಲುಗು ಬಲ್ಲ ಮಗು ಇವನ್ನು ದಿನಕ್ಕೆ ಒಂದೆರಡರಂತೆ ಬೇಗನೆ ಕಲಿಯಬಲ್ಲದು.

ವಿಳಾಸವನ್ನೂ ಮಗುವೇ ಬರೆಯಲಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರು ಅಂಕಿಗಳ ಪಿನ್‌ಕೋಡ್ ಹೈದರಾಬಾದಿಗೂ ಕರ್ನಾಟಕಕ್ಕೂ 5ರಿಂದಲೇ ಆರಂಭವಾಗುತ್ತದೆಂದು ತೋರಿಸಿದರೆ ಮಗುವಿಗೆ ಕುತೂಹಲವೂ ಹುಟ್ಟುತ್ತದೆ.

ಕೆಲವು ಎಚ್ಚರಿಕೆಗಳು

ಪತ್ರ ಬರೆಯುವವರೆಗೆ ಆಟಿಕೆ ಕೊಡೆನೆಂದು ತಡೆಹಿಡಿಯಬಾರದು. ಹಾಗೆ ಬರೆಸಿದ ಪತ್ರ ದಂಡ ಕಟ್ಟಿದಂತೆ. ದೊಡ್ಡವರು ಬರೆದುಕೊಟ್ಟದ್ದನ್ನು ನಕಲು ಮಾಡಿಸಬಾರದು. ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿ ಬೇಡ. ಉಡುಗೊರೆಯ ಬೆಲೆಯನ್ನು ಮಗುವಿನೆದುರು ಆಡಬಾರದು. ಎಲ್ಲಕ್ಕೂ ಮಿಗಿಲಾಗಿ, ತಾಯಿತಂದೆಯರು ತಾವೂ ವರ್ಷಕ್ಕೊಂದೆರಡು ಪತ್ರಗಳನ್ನು ಮಕ್ಕಳು ನೋಡುವಂತೆ ಬರೆಯಬೇಕು.

ಮುಂಬರುವ ಹಬ್ಬಕ್ಕೆ ಊರಿನಿಂದ ಶೇಂಗಾ ಹಿಂಡಿಯ ಡಬ್ಬಿಯೋ, ಲಂಗದ ಬಟ್ಟೆಯೋ ಬಂದೀತು. ಆ ವಾರವೇ ಅಂಚೆಯ ಕಾರ್ಡೊಂದನ್ನು ಮಗುವಿನ ಮುಂದಿಡುವುದು ಕಷ್ಟದ ಕೆಲಸವೇನಲ್ಲ. ಕಳುಹಿಸಿದ ಹಿರಿಯರು ಅದನ್ನು ಕಣ್ಣಾರೆ ಓದುವಷ್ಟು ಕಾಲ ಇರುವಾಗಲೇ ಅದು ಅವರ ಕೈ ಸೇರಬೇಕು.