ಏಣಿ ಬೇಡದ ಒಳ್ಳೆಮೆಣಸು: ಅಂಗಳದಲ್ಲೇ ಪೊದೆಗಿಡ ಮಾಡುವುದು ಹೇಗೆ?

ಬಂಟ್ವಾಳ ತಾಲೂಕಿನ ಪುಂಜಾಲಕಟ್ಟೆಯ ಸುತ್ತಮುತ್ತ ಅಡಿಕೆ ತೋಟವಿದ್ದಲ್ಲಿ ಒಳ್ಳೆಮೆಣಸಿನ ಬಳ್ಳಿಯೂ ಇರುತ್ತದೆ. ಆದರೆ ಕೊಯ್ಲಿನ ಹೊತ್ತಿಗೆ ಏಣಿ ಹತ್ತುವವರು ಸಿಗುವುದೇ ಕಷ್ಟ. ತೋಟವಿಲ್ಲದವರಂತೂ ಅಂಗಡಿಯಿಂದಲೇ ತರಬೇಕು. ಇಬ್ಬರಿಗೂ ಅನುಕೂಲವಾಗುವುದು ಪೊದೆಮೆಣಸು, ಅಂದರೆ ಬುಷ್ ಪೆಪ್ಪರ್. ಇದು ಬೇರೆ ತಳಿಯಲ್ಲ. ಅದೇ ಬಳ್ಳಿಯ ಬೇರೊಂದು ಗೆಲ್ಲಿನಿಂದ ಮಾಡಿದ ಗಿಡ.

ಯಾವ ಗೆಲ್ಲು?

ಮೆಣಸಿನ ಬಳ್ಳಿಯನ್ನು ಹತ್ತಿರದಿಂದ ನೋಡಿ. ಬುಡದಿಂದ ಹೊರಟು ನೆಲದಲ್ಲಿ ಹರಿಯುವುದು ಹಂಬು. ಗಂಟುಗಂಟಿಗೂ ಬೇರು ಬಿಟ್ಟು ಮರಕ್ಕೆ ಅಂಟಿಕೊಂಡು ಏರುವುದು ಮುಖ್ಯ ಬಳ್ಳಿ. ಅದರಿಂದ ಅಡ್ಡಕ್ಕೆ ಚಾಚಿ ತೆನೆ ಬಿಡುವುದು ಅಡ್ಡಗೆಲ್ಲು. ಹಂಬಿನ ತುಂಡು ನೆಟ್ಟರೆ ಮರ ಹತ್ತುವ ಬಳ್ಳಿ ಬರುತ್ತದೆ. ಅಡ್ಡಗೆಲ್ಲು ನೆಟ್ಟರೆ ಅದು ಹತ್ತುವುದಿಲ್ಲ, ಪೊದೆಯಾಗಿ ನಿಂತು ಬೇಗನೆ ತೆನೆ ಬಿಡುತ್ತದೆ. ಗುಟ್ಟು ಇಷ್ಟೇ.

ತಳಿ ಯಾವುದಾದೀತು? ಪಣಿಯೂರು-1 ಧಾರಾಳ ಸಾಕು. ಕೇರಳದ ಪಣಿಯೂರು ಸಂಶೋಧನಾ ಕೇಂದ್ರದಲ್ಲಿ ಉದಿರಂಕೊಟ್ಟ ಮತ್ತು ಚೆರಿಯಕಾಣಿಯಕಾಡನ್ ತಳಿಗಳನ್ನು ಸೇರಿಸಿ ಮಾಡಿದ ಹೈಬ್ರಿಡ್, ಅಂದರೆ ಮಿಶ್ರತಳಿ ಇದು. 1971ರಲ್ಲಿ ಬಿಡುಗಡೆಯಾಯಿತು. ಕಾಳು ದಪ್ಪ, ತೆನೆ ಉದ್ದ. ಆದರೆ ದಟ್ಟ ನೆರಳಲ್ಲಿ ಫಸಲು ಕಡಿಮೆ. ಹೈಬ್ರಿಡ್ ಗುಣ ಮುಂದಿನ ಗಿಡಕ್ಕೂ ಬರುತ್ತದೆಯೇ ಎಂಬ ಸಂಶಯ ಬೇಡ. ಬೀಜದಿಂದಾದರೆ ಗುಣ ಚದುರಿ ಹೋಗುತ್ತದೆ; ಗೆಲ್ಲಿನ ತುಂಡಿನಿಂದ ತಾಯಿಗಿಡದ ಗುಣವೇ ಬರುತ್ತದೆ.

ಬೇರು ಬರಿಸುವ ಕ್ರಮ

ಕೊಯ್ಲು ಮುಗಿದ ಮೇಲೆ, ರೋಗವಿಲ್ಲದ ಬಳ್ಳಿಯಿಂದ ಸುಮಾರು ಒಂದು ವರ್ಷ ಬಲಿತ ಅಡ್ಡಗೆಲ್ಲು ಕತ್ತರಿಸಿ. ಮೂರರಿಂದ ಐದು ಗಂಟು ಇರಲಿ. ತುದಿಯ ಒಂದು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಕತ್ತರಿಸಿದ ತುದಿಗೆ ಬೇರು ಬರಿಸುವ ಹಾರ್ಮೋನ್ ಪುಡಿ ಮುಟ್ಟಿಸಿ. ತೇವ ಮಾಡಿದ ತೆಂಗಿನ ನಾರಿನ ಪುಡಿಯನ್ನು ದೊಡ್ಡ ಪ್ಲಾಸ್ಟಿಕ್ ಚೀಲದ ತಳಕ್ಕೆ ಹಾಕಿ, ಗೆಲ್ಲುಗಳನ್ನು ಅದರಲ್ಲಿ ಊರಿ, ಚೀಲದ ಬಾಯಿ ಕಟ್ಟಿ ನೆರಳಲ್ಲಿಡಿ. ಒಳಗಿನ ತೇವ ಹೊರಗೆ ಹೋಗದ ಕಾರಣ ಎಲೆ ಬಾಡುವುದಿಲ್ಲ. 30ರಿಂದ 40 ದಿನದಲ್ಲಿ ಬೇರು ಬರುತ್ತದೆ. ಎಲ್ಲ ತುಂಡುಗಳೂ ಬದುಕುವುದಿಲ್ಲ. ಬೇಕಾದ್ದಕ್ಕಿಂತ ದುಪ್ಪಟ್ಟು ಇಡಿ.

ಮಣ್ಣು, ಮರಳು, ಹಟ್ಟಿಗೊಬ್ಬರ ಸಮಪಾಲು ಬೆರೆಸಿ, ಹತ್ತು ಕಿಲೋ ಹಿಡಿಯುವ ಕುಂಡಕ್ಕೆ ಬೇರು ಬಂದ ಮೂರ್ನಾಲ್ಕು ಗೆಲ್ಲು ನೆಡಿ. ಅರೆನೆರಳಿನ ಜಾಗ ಒಳ್ಳೆಯದು. ಎರಡು ತಿಂಗಳಿಗೊಮ್ಮೆ ಸ್ವಲ್ಪ ಕಡಲೆ ಹಿಂಡಿ, ಬೇವಿನ ಹಿಂಡಿ ಕೊಡಿ. ಬುಡದಲ್ಲಿ ಹಂಬು ಹೊರಟರೆ ಕೂಡಲೇ ಚಿವುಟಿ; ಬಿಟ್ಟರೆ ಪೊದೆ ಹೋಗಿ ಬಳ್ಳಿಯಾದೀತು.

ನಮ್ಮ ಮಳೆಗೆ ತಡೆದೀತೇ?

ಕುಂಡದಲ್ಲಿ ನೀರು ನಿಲ್ಲದಿದ್ದರೆ ತಡೆಯುತ್ತದೆ. ಭಯ ಇರುವುದು ಶೀಘ್ರ ಸೊರಗು ರೋಗದ್ದು. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಬೇರು, ಬುಡ ಕೊಳೆಸುತ್ತದೆ. ಮಳೆ ಹಿಡಿಯುವ ಮೊದಲೇ ಶೇಕಡಾ ಒಂದರ ಬೋರ್ಡೋ ದ್ರಾವಣ ಸಿಂಪಡಿಸಿ. ಹತ್ತು ಲೀಟರಿಗೆ ನೂರು ಗ್ರಾಂ ಮೈಲುತುತ್ತು, ನೂರು ಗ್ರಾಂ ಸುಣ್ಣ ಸಾಕು. ಬ್ರೆಜಿಲ್ ಮೂಲದ ಹಿಪ್ಪಲಿಗೆ ಕಸಿ ಕಟ್ಟಿದ ಗಿಡಕ್ಕೆ ಈ ರೋಗದ ಕಾಟ ಇಲ್ಲ ಎನ್ನಬಹುದು. ಆದರೆ ಬೇಸಿಗೆಯಲ್ಲಿ ಅದಕ್ಕೆ ನೀರು ತಪ್ಪಬಾರದು.

ಖರ್ಚು, ಫಸಲು

ಮನೆಯಲ್ಲೇ ಗೆಲ್ಲು ಇದ್ದರೆ ನಾರಿನ ಪುಡಿ, ಹಾರ್ಮೋನ್, ಕುಂಡ ಎಲ್ಲ ಸೇರಿ ಕೆಲವು ನೂರು ರೂಪಾಯಿ. ಚೆನ್ನಾಗಿ ನೋಡಿಕೊಂಡ ಪೊದೆ ಮೂರನೇ ವರ್ಷದಿಂದ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ಹಸಿ ಮೆಣಸು ಕೊಡುತ್ತದೆ. ಒಣಗಿದಾಗ ಅದರ ಮೂರನೇ ಒಂದು ಪಾಲು ಉಳಿಯುತ್ತದೆ. ಮಾರುವಷ್ಟಲ್ಲ, ಸಾರಿಗೆ, ಕಷಾಯಕ್ಕೆ ನಾಲ್ಕೈದು ಕುಂಡ ಸಾಕು.

ಎಲ್ಲಿ ವಿಚಾರಿಸುವುದು?

ಬಂಟ್ವಾಳ, ಬೆಳ್ತಂಗಡಿಯ ತೋಟಗಾರಿಕೆ ಇಲಾಖೆ ಕಚೇರಿ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಮಡಿಕೇರಿ ಬಳಿಯ ಅಪ್ಪಂಗಳದಲ್ಲಿ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಹೋಗುವ ಮೊದಲು ಫೋನ್ ಮಾಡಿ ಗಿಡ ಇದೆಯೇ ಎಂದು ತಿಳಿದುಕೊಳ್ಳಿ. ನರ್ಸರಿಯಲ್ಲಿ ಕೊಳ್ಳುವುದಾದರೆ ಚೀಟಿಯನ್ನಷ್ಟೇ ನಂಬಬೇಡಿ, ಗಂಟು ನೋಡಿ. ಗಂಟುಗಳಲ್ಲಿ ಅಂಟುಬೇರು ಹೊರಟಿದ್ದರೆ ಅದು ಪೊದೆಯಲ್ಲ, ಬಳ್ಳಿ.