ಬೇಲಿಯ ಓತಿಕೇತ



'ಓತಿಕೇತನಿಗೆ ಬೇಲಿಗೂಟ ಸಾಕ್ಷಿ' ಅಂತ ನಮ್ಮಲ್ಲೊಂದು ಗಾದೆ ಉಂಟಷ್ಟೆ. ಇವೆರಡರ ನಂಟನ್ನು ಕಣ್ಣಾರೆ ಕಂಡೇ ಹಿರಿಯರು ಈ ಮಾತು ಕಟ್ಟಿದರು. ಇಂದು ಆ ನಂಟಿನ ವಿಚಾರವನ್ನೇ ತಿಳಿಯೋಣ.

ಓತಿಕೇತ ಬಾಲವೂ ಸೇರಿ ಸುಮಾರು ಒಂದು ಅಡಿ ಉದ್ದದ ಪ್ರಾಣಿ. ಅದರಲ್ಲಿ ಬಾಲದ್ದೇ ಹೆಚ್ಚು ಪಾಲು. ಬೆನ್ನ ಮೇಲೆ ಗರಗಸದ ಹಲ್ಲಿನಂಥ ಸಾಲು. ಮಿಲನದ ಕಾಲದಲ್ಲಿ ಗಂಡಿನ ತಲೆ, ಕತ್ತು ಕೆಂಪೇರುತ್ತವೆ. ಇದನ್ನು ಕಂಡು 'ರಕ್ತ ಹೀರುತ್ತೆ' ಅಂತ ಹೆದರುವವರು ಹಲವರು, ಹುಡುಗರಂತೂ ಕಲ್ಲೆತ್ತುತ್ತಾರೆ. ಆದರೆ ಆ ಕೆಂಪು ಹೆಣ್ಣನ್ನು ಒಲಿಸಲು, ಎದುರಾಳಿ ಗಂಡನ್ನು ಹೆದರಿಸಲು ತೋರುವ ಬಣ್ಣ. ಇದು ರಕ್ತ ಹೀರುವುದಿಲ್ಲ. ಇದಕ್ಕೆ ವಿಷವೂ ಇಲ್ಲ. ಬಣ್ಣ ಬದಲಿಸಿದ ಮಾತ್ರಕ್ಕೆ ಇದು ಗೋಸುಂಬೆಯಲ್ಲ. ಗೋಸುಂಬೆ ಮೆಲ್ಲಗೆ ನಡೆದು, ಉದ್ದ ನಾಲಿಗೆ ಚಾಚಿ ಹುಳು ಹಿಡಿಯುವ ಬೇರೆ ಪ್ರಾಣಿ.

ಹಾಗಾದರೆ ಇದಕ್ಕೆ ಬೇಲಿಯೇ ಏಕೆ ಬೇಕು? ಬೆಳಗ್ಗೆ ಮೈ ಕಾಯಿಸಲು ಗೂಟದ ತುದಿ, ಹದ್ದು ಕಾಗೆ ಬಂದರೆ ಅವಿತುಕೊಳ್ಳಲು ಮುಳ್ಳಿನ ಪೊದೆ, ತಿನ್ನಲು ಹುಳುಹುಪ್ಪಟೆ. ಎಲ್ಲವೂ ಒಂದೇ ಕಡೆ ಸಿಗುತ್ತವೆ. ಮಳೆಗಾಲದಲ್ಲಿ ಹೆಣ್ಣು ಮೆತ್ತನೆಯ ಮಣ್ಣಿನಲ್ಲಿ ಗುಳಿ ತೋಡಿ, ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೋಗುತ್ತದೆ. ಕಾವಲಿಗೆ ನಿಲ್ಲುವುದಿಲ್ಲ. ಮರಿ ಹೊರಬರಲು ಸುಮಾರು ಒಂದೂವರೆ ತಿಂಗಳು ಬೇಕು. ಅಷ್ಟು ದಿನ ಆ ಮಣ್ಣೇ ತಾಯಿ.

ಮಿಡತೆ, ಜೀರುಂಡೆ, ಇರುವೆ, ಎಲೆ ತಿನ್ನುವ ಹುಳು ಇದರ ಊಟ. ಒಮ್ಮೊಮ್ಮೆ ನಮಗೆ ಉಪಕಾರಿಯಾದ ಕೀಟವನ್ನೂ ನುಂಗುತ್ತದೆ, ಸುಳ್ಳು ಹೇಳಬಾರದು. ಓತಿಕೇತವೊಂದೇ ಪೀಡೆಯನ್ನೆಲ್ಲ ತೀರಿಸೀತು ಎಂದೂ ನಂಬಬೇಡಿ. ಆದರೂ ಕೂಲಿ ಕೇಳದೆ ದುಡಿಯುವ ಈ ಆಳನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಈಗ ಲಕ್ಕಿ, ಕಳ್ಳಿ, ಕತ್ತಾಳೆಯ ಜೀವಂತ ಬೇಲಿ ಕಿತ್ತು ಮುಳ್ಳುತಂತಿ ಎಳೆಯುವವರು ಹಲವರಿದ್ದಾರೆ. ತಂತಿ ದನವನ್ನು ತಡೆದೀತು, ನೆರಳು ಕೊಟ್ಟೀತೇ? ತಂತಿ ಬೇಕೇ ಬೇಕಾದರೆ ಹಾಕಿ, ಅದರ ಬುಡದಲ್ಲಿ ಗಿಡದ ಸಾಲನ್ನೂ ಉಳಿಸಿ. ಮಳೆಗಾಲದಲ್ಲಿ ಬೇಲಿಯ ಬುಡ ಅಗೆಯಬೇಡಿ. ಬೇಸಿಗೆಯಲ್ಲಿ ಬೇಲಿಗೆ ಬೆಂಕಿ ಹಚ್ಚಬೇಡಿ. ಬೆಳೆಗೆ ಹೊಡೆಯುವ ಔಷಧಿ ಬೇಲಿಗೆ ಬೀಳದಂತೆ ನೋಡಿಕೊಳ್ಳಿ.

ನಾಳೆ ಹೊಲಕ್ಕೆ ಹೋದಾಗ ಗೂಟದ ಮೇಲೆ ಓತಿಕೇತ ತಲೆ ಆಡಿಸುತ್ತಿದ್ದರೆ, ಕಲ್ಲೆತ್ತುವ ಮಗನ ಕೈ ಹಿಡಿದು, 'ಬಿಡಪ್ಪಾ, ಅದೂ ನಮ್ಮ ಹೊಲದ್ದೇ' ಅನ್ನಿ.