ತಕಲಿ ಹಿಡಿದ ಅಮ್ಮಂದಿರ ಶಾಲೆ

1889ರ ಸೆಪ್ಟೆಂಬರ್‌ನಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಗೆಳತಿಯರು ಷಿಕಾಗೋದ ಹಾಲ್‌ಸ್ಟೆಡ್ ರಸ್ತೆಯ ಹಳೆಯ ಬಂಗಲೆಯೊಂದಕ್ಕೆ ವಾಸಕ್ಕೆ ಬಂದರು. ಸುತ್ತಲೂ ಇಟಾಲಿಯನ್ನರು, ಜರ್ಮನ್ನರು, ಐರಿಷರು, ಗ್ರೀಕರು, ರಷ್ಯಾ ಬಿಟ್ಟು ಬಂದ ಯಹೂದಿಗಳು. ಓದಿದವರು ಬಡವರ ಕೇರಿಯಲ್ಲೇ ನೆಲೆಸಬೇಕೆಂಬ ಹಂಬಲ ಆಡಮ್ಸ್‌ಗೆ ಹತ್ತಿದ್ದು ಲಂಡನ್ನಿನ ಟಾಯ್ನ್‌ಬಿ ಹಾಲ್ ನೋಡಿ. ಆ ಬಂಗಲೆಯಲ್ಲಿ ಹಲ್ ಹೌಸ್ ಎಂಬ ನೆಲೆ ಹುಟ್ಟಿದ್ದು ಹೀಗೆ. 1895ರ ಹೊತ್ತಿಗೆ ಅಲ್ಲಿನವರು ಮನೆಮನೆ ಸುತ್ತಿ, ಎಲ್ಲಿ ಯಾವ ದೇಶದವರಿದ್ದಾರೆ, ವಾರದ ಕೂಲಿ ಎಷ್ಟು ಎಂಬುದನ್ನು ತೋರಿಸುವ ಬಣ್ಣದ ನಕ್ಷೆಗಳನ್ನೇ ಪ್ರಕಟಿಸಿದರು.

ನಕ್ಷೆಗೆ ಸಿಗದ ಬಿರುಕು ಮನೆಗಳ ಒಳಗಿತ್ತು. ಮಕ್ಕಳು ಇಂಗ್ಲಿಷ್ ಕಲಿತು ಅಮೆರಿಕನ್ನರಾಗುತ್ತಿದ್ದರು. ಊರಲ್ಲಿ ಗಟ್ಟಿಗಿತ್ತಿ ಎನಿಸಿಕೊಂಡಿದ್ದ ತಾಯಿ ಇಲ್ಲಿ ಏನೂ ತಿಳಿಯದವಳಾದಳು. ಬೇರೆ ಬೇರೆ ಸಮುದಾಯಗಳ ನಡುವಿನ ದೂರಕ್ಕಿಂತ ಇದೇ ದೊಡ್ಡ ನಷ್ಟವೆಂದು ನನಗನಿಸುತ್ತದೆ.

ತಾಯಿ ಮಕ್ಕಳ ನಡುವಿನ ಈ ಬಿರುಕಿನ ಚಿಂತೆಯಲ್ಲೇ ಪೋಕ್ ರಸ್ತೆಯಲ್ಲಿ ನಡೆಯುತ್ತಿದ್ದ ಆಡಮ್ಸ್ ಕಣ್ಣಿಗೆ ತಕಲಿಯಲ್ಲಿ ನೂಲುತ್ತಿದ್ದ ಇಟಲಿಯ ಮುದುಕಿಯೊಬ್ಬಳು ಬಿದ್ದಳು. ಹುಡುಕಿದರೆ ಆ ಕೇರಿಯಲ್ಲೇ ಕೈಯಿಂದ ನೂಲುವ ನಾಲ್ಕು ಬಗೆ, ರಾಟೆಯ ಮೂರು ಬಗೆ ಸಿಕ್ಕವು. 1900ರಲ್ಲಿ ಇವನ್ನೆಲ್ಲ ಕಾಲಕ್ರಮದಲ್ಲಿ, ಕಾರ್ಖಾನೆಯ ನೂಲಿನವರೆಗೆ, ಜೋಡಿಸಿಟ್ಟ ‘ದುಡಿಮೆಯ ಮ್ಯೂಸಿಯಂ’ ಶುರುವಾಯಿತು. ಶನಿವಾರ ಸಂಜೆ ನೂತು ತೋರಿಸುತ್ತಿದ್ದವರು ನೆರೆಯ ಹೆಂಗಸರೇ. ಸಿರಿಯಾದವಳ ನೂಲುವಿಕೆಯೂ ಗ್ರೀಕಳ ನೂಲುವಿಕೆಯೂ ಒಂದೇ ಇತಿಹಾಸದ ಸಾಲಿಗೆ ಸೇರಿದ್ದೆಂಬುದು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆಲ್ಲ ಕಂಡಿತು.

ಅಲ್ಲಿಗೆ ಅಡುಗೆ ತರಗತಿಗೆ ಬರುತ್ತಿದ್ದ ಇಟಾಲಿಯನ್ ಹುಡುಗಿಯೊಬ್ಬಳ ಕಥೆಯನ್ನು ಆಡಮ್ಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವಳ ತಾಯಿಯೂ ಅದೇ ಹೊತ್ತಿಗೆ ನೂಲಲು ಬರುತ್ತಿದ್ದಳು. ಅಮ್ಮನ ತಲೆವಸ್ತ್ರ, ದಪ್ಪ ಬೂಟು, ಗಿಡ್ಡ ಲಂಗ ಕಂಡರೆ ಗೆಳತಿಯರು ಏನೆಂದುಕೊಂಡಾರೋ ಎಂದು ಮಗಳು ಬೇರೆ ಬಾಗಿಲಿಂದ ಒಳಹೋಗುತ್ತಿದ್ದಳು. ಒಂದು ಸಂಜೆ ಶಿಕ್ಷಣ ಕಾಲೇಜಿನಿಂದ ಬಂದವರು ಅಮ್ಮನನ್ನು ಸುತ್ತುವರಿದು, ಅವಳ ಕೈಚಳಕವನ್ನು ಬಾಯ್ತುಂಬ ಹೊಗಳುತ್ತಿದ್ದುದನ್ನು ನೋಡಿದಳು. ಆಮೇಲೆ ಅಮ್ಮನ ಜೊತೆ ಒಂದೇ ಬಾಗಿಲಿಂದ ಬರತೊಡಗಿದಳು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಬಚ್ಚಿಡಿಸಿದ್ದ ಕೈನೂಲಿನ ಬಟ್ಟೆಗಳನ್ನು ಹೊರತೆಗೆಯಲೂ ಅಮ್ಮನಿಗೆ ಅಡ್ಡಿ ಮಾಡಲಿಲ್ಲ.

ಇಲ್ಲಿ ಯಾರೂ ಆ ತಾಯಿಗೆ ಏನನ್ನೂ ಕಲಿಸಲಿಲ್ಲ ಎಂಬುದೇ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅವಳು ಕಲಿಸಿದಳು, ಉಳಿದವರು ಕಲಿತರು.

1960ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕಾಗಿ ಹಲ್ ಹೌಸ್‌ನ ಬಹುಪಾಲು ಕಟ್ಟಡಗಳನ್ನು ಕೆಡವಿದರು, ಮೂಲ ಬಂಗಲೆ ಉಳಿದುಕೊಂಡಿತು. ಅದಕ್ಕೂ ಮುಂಚೆ, 1920ರ ದಶಕದಲ್ಲಿ, ಆ ಕೇರಿಗೆ ಮೆಕ್ಸಿಕೋದವರು ಬಂದು ನೆಲೆಸಿದಾಗಲೂ ಹಲ್ ಹೌಸ್ ಅವರ ಕೈಗೆ ಜೇಡಿಮಣ್ಣು ಕೊಟ್ಟು, ಅವರು ಮಾಡಿದ ಪಾತ್ರೆಗಳನ್ನು ತನ್ನದೇ ಹೆಸರಿನಲ್ಲಿ ಮಾರಿತು.